ಪುಚ್ಚೆ (ಬೆಕ್ಕು) ಪರಚಿತೇ? ಆ ದಿನ ಬರೆದಿಡಿ

ಅಡಿಕೆ ಒಣಗಲು ಹಾಕಿದ ಅಂಗಳದಲ್ಲಿ ಮರಿ ಬೆಕ್ಕಿನ ಜೊತೆ ಆಡಿ ಬಂದ ಮಗುವಿನ ಮುಂಗೈಯಲ್ಲಿ ಎರಡು ಸಪೂರ ಕೆಂಪು ಗೆರೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಇದೊಂದು ಸಂಗತಿಯೇ ಅಲ್ಲ. ತೆಂಗಿನೆಣ್ಣೆ ಸವರಿ ಮರೆತುಬಿಡುತ್ತೇವೆ. ದಯವಿಟ್ಟು ಮರೆಯಬೇಡಿ.

ಮೊದಲು ಸೋಪು ಹಚ್ಚಿ, ನಳ್ಳಿ ನೀರಿನ ಕೆಳಗೆ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಳ್ಳಿ. ಮಗು ಅಳುವಾಗ ಎರಡೇ ನಿಮಿಷಕ್ಕೆ ಸಾಕು ಅನಿಸುತ್ತದೆ. ಅರಿಶಿನ, ಸುಣ್ಣ, ಕಾಫಿ ಪುಡಿ ಯಾವುದೂ ಬೇಡ.

ಅವತ್ತೇ ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ಸಾಕಿದ ಬೆಕ್ಕಾದರೂ ರಾತ್ರಿ ಎಲ್ಲೆಲ್ಲಿ ತಿರುಗಿ ಬಂತು ಅಂತ ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಚೀಟಿ ಮಾಡಿಸುವಲ್ಲಿ ಕನ್ನಡ ಗೊತ್ತಾಗದಿದ್ದರೆ ಮಲಯಾಳದಲ್ಲಿ ‘ಪೂಚ್ಚ ಮಾಂದಿ’ (ಬೆಕ್ಕು ಪರಚಿತು) ಅಂದರೆ ಸಾಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0 (ಮೊದಲ ಲಸಿಕೆಯ ದಿನ), 3, 7, 28ನೇ ದಿನ ಹೋಗಬೇಕು. ರಕ್ತ ಬಂದಿದ್ದರೆ ಗಾಯಕ್ಕೇ ಇನ್ನೊಂದು ಇಂಜೆಕ್ಷನ್, ಇಮ್ಯುನೊಗ್ಲಾಬ್ಯುಲಿನ್, ಬೇಕಾಗುತ್ತದೆ.

ಇನ್ನೊಂದು ಕಾಯಿಲೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಬಾರ್ಟೊನೆಲ್ಲಾ ಹೆನ್ಸೆಲೇ ಎಂಬ ಬ್ಯಾಕ್ಟೀರಿಯಾ ಬೆಕ್ಕಿನಿಂದ ಬೆಕ್ಕಿಗೆ ಚಿಗಟದ ಮೂಲಕ ದಾಟುತ್ತದೆ. ಚಿಗಟದ ಹಿಕ್ಕೆ ಉಗುರಿಗೆ ಅಂಟಿ, ಪರಚಿದಾಗ ನಮ್ಮ ಮೈಗೆ ಇಳಿಯುತ್ತದೆ. ಬೆಕ್ಕು ಮಾತ್ರ ಆರಾಮಾಗಿಯೇ ಓಡಾಡಿಕೊಂಡಿರುತ್ತದೆ. 3ರಿಂದ 14 ದಿನದೊಳಗೆ ಪರಚಿದಲ್ಲಿ ಸಣ್ಣ ಗುಳ್ಳೆ. ಒಂದರಿಂದ ಮೂರು ವಾರಕ್ಕೆ ಕಂಕುಳಲ್ಲೋ ಕುತ್ತಿಗೆಯಲ್ಲೋ ನೋಯುವ ಗಡ್ಡೆ, ಜ್ವರ. ಅಷ್ಟರಲ್ಲಿ ಗೆರೆ ಮಾಸಿರುತ್ತದೆ. ಟಿಬಿಯೋ, ಕ್ಯಾನ್ಸರೋ ಎಂದು ಮನೆಯವರು ನಡುಗಿಹೋಗುತ್ತಾರೆ. ಅದಕ್ಕೇ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಪರಚಿದ ದಿನಕ್ಕೊಂದು ಗುರುತು ಹಾಕಿ. ಡಾಕ್ಟರು ಕೇಳದಿದ್ದರೂ ಹೇಳಿ.

ಗಡ್ಡೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ. ಸುಮ್ನೆ ಹಿಚುಕಬೇಡಿ. ಆದರೆ ಕಣ್ಣು ಕೆಂಪಾದರೆ, ದೃಷ್ಟಿ ಮಂಜಾದರೆ, ಫಿಟ್ಸ್ ಬಂದರೆ, ಜ್ವರ ಬಿಡದೆ ಕಾಡಿದರೆ ಒಂದು ದಿನವೂ ಕಾಯಬೇಡಿ. ಸೋಂಕು ಕಣ್ಣಿನ ನರ, ಮೆದುಳು, ಗುಲ್ಮವಲ್ಲದೆ (ಸ್ಪ್ಲೀನ್) ಯಕೃತ್ತಿಗೂ ತಲುಪಬಹುದು. ಹೃದಯದ ಕವಾಟದ ತೊಂದರೆ ಇರುವವರು, ಎಚ್‌ಐವಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇನ್ನೂ ಜಾಸ್ತಿ ಜಾಗ್ರತೆ ವಹಿಸಬೇಕು.

ಕೊನೆಗೆ ಬೆಕ್ಕನ್ನೂ ನೋಡಿ. ಬಾಲದ ಬುಡದಲ್ಲಿ ರೋಮ ಸರಿಸಿದರೆ ಕರಿ ಪುಡಿ ಕಾಣುತ್ತದೆಯೇ? ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆಯೇ. ಮೃಗಾಸ್ಪತ್ರೆಯಲ್ಲಿ ಬೆಕ್ಕಿಗೆಂದೇ ಇರುವ ಮದ್ದು ಕೇಳಿ. ನಾಯಿಗೆ ತಂದದ್ದು ಮನೆಯಲ್ಲಿದೆ ಎಂದು ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕು ಸತ್ತೇಹೋಗಬಹುದು.