ಕಪ್ಪುಪಟ್ಟಿಯ ಚಿತ್ರಕರ್ಮಿಗಳ ಸಾಕ್ಷ್ಯಚಿತ್ರ: ಹಟ್ಟಿಯಲ್ಲಿ ಪ್ರದರ್ಶನ ಏರ್ಪಡಿಸುವವರಿಗೆ

ಹಾಲಿವುಡ್‌ನಲ್ಲಿ ರಾಜಕೀಯ ಕಾರಣಕ್ಕೆ ಕಪ್ಪುಪಟ್ಟಿ ಸೇರಿದವರ ಕುರಿತ ಸಾಕ್ಷ್ಯಚಿತ್ರವನ್ನು ರಾಯಚೂರು ಜಿಲ್ಲೆಯ ಹಟ್ಟಿಯಂಥ ಚಿನ್ನದ ಗಣಿಯ ಊರಿನಲ್ಲಿ ತೋರಿಸಬೇಕೆಂದಿರುವವರು, ನೋಡುಗರ ಮುಂದೆ ಅವರ ವಿಚಾರಣೆಯನ್ನು ಇಡಬೇಕೋ ಅವರ ಕೆಲಸವನ್ನು ಇಡಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕೆಲಸವನ್ನೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಿನ್ನೆಲೆಯನ್ನು ಆರಂಭದಲ್ಲೇ ಚುಟುಕಾಗಿ ಕನ್ನಡದಲ್ಲಿ ಹೇಳಿಬಿಡಿ. 1947ರಲ್ಲಿ ಅಮೆರಿಕದ ಸಂಸದೀಯ ಸಮಿತಿಯೊಂದು ಕಮ್ಯುನಿಸ್ಟ್ ಪಕ್ಷದ ಸದಸ್ಯರೇ ಎಂದು ಕೇಳಿದಾಗ ಹತ್ತು ಮಂದಿ ಚಿತ್ರಕರ್ಮಿಗಳು ಉತ್ತರಿಸಲು ಒಪ್ಪದೆ, ಮುಂದೆ ಜೈಲು ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಸ್ಟುಡಿಯೋ ಮುಖ್ಯಸ್ಥರು ಅವರಿಗೆ ಕೆಲಸ ಕೊಡುವುದಿಲ್ಲವೆಂದು ಘೋಷಿಸಿದರು; ಕಪ್ಪುಪಟ್ಟಿ ಶುರುವಾದದ್ದು ಹೀಗೆ. ಇಷ್ಟು ಸಾಕು.

ಸಾಕ್ಷ್ಯಚಿತ್ರದ ಜೊತೆಗೆ 1954ರ 'ಸಾಲ್ಟ್ ಆಫ್ ದಿ ಅರ್ತ್' ಚಿತ್ರದ ಕೆಲವು ದೃಶ್ಯಗಳನ್ನು ತಪ್ಪದೆ ತೋರಿಸಿ. ಹತ್ತು ಮಂದಿಯಲ್ಲೊಬ್ಬರಾದ ಹರ್ಬರ್ಟ್ ಬೀಬರ್ಮನ್ ಜೈಲಿನಿಂದ ಬಂದ ಮೇಲೆ ನಿರ್ದೇಶಿಸಿದ, ಕಪ್ಪುಪಟ್ಟಿಯಲ್ಲಿದ್ದ ಮೈಕಲ್ ವಿಲ್ಸನ್ ಬರೆದ ಈ ಚಿತ್ರ ನ್ಯೂ ಮೆಕ್ಸಿಕೋದ ಸತುವಿನ ಗಣಿಯಲ್ಲಿ ನಿಜವಾಗಿ ನಡೆದ ಮುಷ್ಕರವನ್ನು ಆಧರಿಸಿದ್ದು, ಗಣಿ ಕಾರ್ಮಿಕರ ಸ್ಥಳೀಯ ಸಂಘದ ಅಧ್ಯಕ್ಷ ಹುವಾನ್ ಚಕೋನ್ ಅವರೇ ನಾಯಕನ ಪಾತ್ರ ಮಾಡಿದ್ದಾರೆ. ಕಾರ್ಮಿಕರು ಗಣಿಯ ದಾರಿಯಲ್ಲಿ ಸಾಲುಗಟ್ಟಿ ತಡೆಯುವಂತಿಲ್ಲವೆಂದು ನ್ಯಾಯಾಲಯ ಆದೇಶಿಸಿದಾಗ, ಆ ಆದೇಶ ತಮಗೆ ಅನ್ವಯಿಸುವುದಿಲ್ಲವೆಂದು ಅವರ ಹೆಂಡಂದಿರು ಆ ಸಾಲಿಗೆ ಬಂದು ನಿಲ್ಲುತ್ತಾರೆ. ಮನೆಗೆ ನಲ್ಲಿ ನೀರು ಬೇಕೆಂಬ ಹೆಂಗಸರ ಬೇಡಿಕೆಯನ್ನು ಹಗುರವಾಗಿ ಕಂಡಿದ್ದ ಗಂಡಸರು, ತಾವೇ ಸೌದೆ ಒಡೆದು ನೀರು ಕಾಯಿಸಿ ಬಟ್ಟೆ ಒಗೆದು ಹಗ್ಗಕ್ಕೆ ಹರವುವ ದೃಶ್ಯವನ್ನು ಪೂರ್ತಿ ಬಿಡಿ, ನಡುವೆ ಕತ್ತರಿಸಬೇಡಿ. ಗಣಿ ಕಾಲೊನಿಯ ನೋಡುಗರಿಗೆ ಅದಕ್ಕೆ ವಿವರಣೆ ಬೇಕಾಗುವುದಿಲ್ಲ. ನಾಯಕಿ ರೊಸೌರಾ ರೆವುಯೆಲ್ಟಾಸ್ ಅವರನ್ನು ಚಿತ್ರೀಕರಣ ಮುಗಿಯುವ ಮುನ್ನವೇ ಬಂಧಿಸಿದ್ದರಿಂದ ಅವರು ಮೆಕ್ಸಿಕೋಗೆ ಮರಳಬೇಕಾಯಿತೆಂಬುದನ್ನೂ, ಬೆರಳೆಣಿಕೆಯ ಚಿತ್ರಮಂದಿರಗಳಷ್ಟೇ ಚಿತ್ರವನ್ನು ತೆರೆಗೆ ತಂದವೆಂಬುದನ್ನೂ ದೃಶ್ಯ ಮುಗಿದ ಮೇಲೆ ಹೇಳಿ.

ಹೆಸರುಗಳ ವಿಷಯದಲ್ಲಿ ಆತುರ ಬೇಡ. ಆ ಹತ್ತು ಮಂದಿಯಲ್ಲೊಬ್ಬರಾದ ಡಾಲ್ಟನ್ ಟ್ರಂಬೊ ಬರೆದ 'ರೋಮನ್ ಹಾಲಿಡೇ' 1953ರಲ್ಲಿ ತೆರೆಕಂಡಾಗ ಲೇಖಕರೆಂದು ಶೀರ್ಷಿಕೆಯಲ್ಲಿದ್ದದ್ದು ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ಹೆಸರು. ಆ ಕಥೆಗೆ ಬಂದ ಆಸ್ಕರ್ ಟ್ರಂಬೊ ಹೆಸರಿಗೆ ಸಂದದ್ದು 1993ರಲ್ಲಿ, ಅವರು ತೀರಿಕೊಂಡು 17 ವರ್ಷಗಳಾದ ಮೇಲೆ. ಆದ್ದರಿಂದ ಶೀರ್ಷಿಕೆಯ ಚೌಕಟ್ಟನ್ನು ಪರದೆಯ ಮೇಲೆ ನಿಲ್ಲಿಸಿ, ನಿಜವಾಗಿ ಬರೆದವರ ಹೆಸರನ್ನು ಗಟ್ಟಿಯಾಗಿ ಓದಿ ಹೇಳಬೇಕು. ಈ ಒಂದು ನಿಮಿಷವನ್ನು ಉಳಿಸಲು ಹೋಗಬಾರದು.

ಭಾರತದ ಕಾಯ್ದೆಯಂತೆ ಚಲನಚಿತ್ರದ ಹಕ್ಕುಸ್ವಾಮ್ಯ ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುವುದರಿಂದ 1954ರ ಚಿತ್ರಕ್ಕೆ ತೊಡಕಿಲ್ಲ. ಸಾಕ್ಷ್ಯಚಿತ್ರ ಹೊಸದಾಗಿದ್ದರೆ ನಿರ್ಮಾಪಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಇಂಗ್ಲಿಷ್ ಉಪಶೀರ್ಷಿಕೆಯನ್ನೇ ನೆಚ್ಚಿಕೊಳ್ಳದೆ, ಮುಖ್ಯ ಮಾತುಗಳನ್ನು ರಾಯಚೂರು ಸೀಮೆಯ ಕನ್ನಡದಲ್ಲಿ ಮೈಕಿನಲ್ಲಿ ಹೇಳಬಲ್ಲ ಒಬ್ಬರನ್ನು ಮೊದಲೇ ಚಿತ್ರ ನೋಡಿಸಿ ಸಿದ್ಧಪಡಿಸಿ. ಗಣಿಯ ಪಾಳಿ ಬದಲಾಗುವ ಹೊತ್ತನ್ನು ತಪ್ಪಿಸಿ ಸಮಯ ಗೊತ್ತುಮಾಡಿ.

ಚರ್ಚೆಯಲ್ಲಿ ನಮ್ಮಲ್ಲಿಯೂ ಹೀಗಾಗಿತ್ತೇ ಎಂಬ ಪ್ರಶ್ನೆ ಬಂದೇ ಬರುತ್ತದೆ. 'ಸಂಸ್ಕಾರ'ದ ನಟಿ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡದ್ದನ್ನು ಹೇಳಿ. ಅದು ಕಪ್ಪುಪಟ್ಟಿಯಲ್ಲ, ಸೆರೆವಾಸ. ಎರಡನ್ನೂ ಒಂದೇ ಎಂದು ಬೆರೆಸದೆ ಮಾತಾಡಿ, ಮತ್ತು ಮೊದಲ ಪ್ರಶ್ನೆಯನ್ನು ಹೆಂಗಸರಿಗೇ ಬಿಡಿ.