ಏಳು ಗಾಡಿ, ನಲವತ್ತೈದು ದಿನ: ಸಾಫ್ಟ್‌ವೇರ್ ಕೊಳ್ಳುವ ಮೊದಲು ನಾನು ಮಾಡಿದ್ದು

ಕಳೆದ ತಿಂಗಳು, ಲಾರಿಗಳ ಟ್ರಿಪ್ ಮತ್ತು ಬಿಲ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರುವ ಕಂಪನಿಗೆ ಮೊದಲ ಕಂತಿನ ಚೆಕ್ ಬರೆದುಕೊಟ್ಟೆ. ಕೊಡುವಾಗ ಒಂದು ಚೂರೂ ಅಳುಕಲಿಲ್ಲ. 2021ರಲ್ಲಿ ಇಂಥದ್ದೇ ಒಂದು ಚೆಕ್ ಕೊಟ್ಟು ನಾಲ್ಕೂವರೆ ಲಕ್ಷದ ಹತ್ತಿರ ಕಳೆದುಕೊಂಡಿದ್ದೆವು. ಈ ಸಲ ದುಡ್ಡು ಕೊಡುವ ಮೊದಲು ನಮ್ಮದೇ ಗಾಡಿ, ನಮ್ಮದೇ ಡ್ರೈವರ್, ನಮ್ಮದೇ ಬಿಲ್ ಇಟ್ಟುಕೊಂಡು ನಲವತ್ತೈದು ದಿನ ಓಡಿಸಿ ನೋಡಿದೆ. ಯಶವಂತಪುರ ಟ್ರಕ್ ಟರ್ಮಿನಲ್‌ನಲ್ಲಿ ಪರಿಚಯದವರೆಲ್ಲ "ಡೆಮೊ ನೋಡಿ ತಗೋ, ಇಲ್ಲಾಂದ್ರೆ ಬಿಡು, ಸುಮ್ನೆ ಯಾಕೆ ಇಷ್ಟು ಎಳೀತೀಯ" ಅಂದಿದ್ದರು. ನನ್ನ ತಮ್ಮನೂ ಅದನ್ನೇ ಹೇಳಿದ್ದ. ಈಗ ಅವರಲ್ಲೇ ನಾಲ್ಕು ಜನ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನಮ್ಮ ಆಫೀಸು ಪೀಣ್ಯ ಎರಡನೇ ಹಂತದಲ್ಲಿ. ಸ್ವಂತ ಗಾಡಿ 38. ಹೆಚ್ಚಿನವು 14 ಅಡಿ ಮತ್ತು 17 ಅಡಿ ಐಷರ್, ಒಂಬತ್ತು ಟಾರಸ್ (ದೊಡ್ಡ ಲಾರಿ). ದಿನಕ್ಕೆ ಎಂಟು ಹತ್ತು ಮಾರ್ಕೆಟ್ ಗಾಡಿ, ಅಂದರೆ ಹೊರಗಿನಿಂದ ಬಾಡಿಗೆಗೆ ಹಿಡಿಯುವವು, ಬೇರೆ. ಬೊಮ್ಮಸಂದ್ರ, ಹೊಸೂರು ದಿನದ ಲೈನು. ಹುಬ್ಬಳ್ಳಿ, ಮಂಗಳೂರು ವಾರದ ಲೈನು.

2021ರಲ್ಲಿ ಏನಾಯಿತು ಅಂದರೆ, ಡೆಮೊ ತುಂಬಾ ಚೆನ್ನಾಗಿತ್ತು. ದೊಡ್ಡ ಸ್ಕ್ರೀನಿನಲ್ಲಿ ಗಾಡಿಗಳು ಓಡಾಡುತ್ತಿದ್ದವು. ವರ್ಷದ ಲೈಸೆನ್ಸ್ ಪೂರ್ತಿ ಕಟ್ಟಿಬಿಟ್ಟೆವು. ಒಳಗೆ ಹೋದ ಮೇಲೆ ಗೊತ್ತಾಯಿತು, ಅದರಲ್ಲಿ ಬಾಡಿಗೆ ಹಾಕಲು ಕಿಲೋಮೀಟರ್ ಲೆಕ್ಕ ಒಂದೇ ಇತ್ತು. ನಮ್ಮ ಗಿರಾಕಿಗಳಲ್ಲಿ ಒಬ್ಬರು ಟ್ರಿಪ್ಪಿಗೆ ಇಷ್ಟು ಅಂತ ಕೊಡುತ್ತಾರೆ. ಇನ್ನೊಬ್ಬರು ಟನ್ನಿಗೆ, ಅದರಲ್ಲೂ ಕನಿಷ್ಠ ಏಳು ಟನ್ ಗ್ಯಾರಂಟಿ. ಮತ್ತೊಬ್ಬರು ಮೂರು ಕಡೆ ಇಳಿಸಿದರೆ ಎರಡನೇ ಪಾಯಿಂಟಿನಿಂದ ಎಕ್ಸ್‌ಟ್ರಾ ಕೊಡುತ್ತಾರೆ. ಇದು ಯಾವುದೂ ಅದರಲ್ಲಿ ಕೂರಲಿಲ್ಲ. ಎಲ್‌ಆರ್ (ಮಾಲು ಹತ್ತಿಸಿದ ಲಾರಿ ರಸೀದಿ) ಅಲ್ಲಿ ಮಾಡುವುದು, ಬಿಲ್ ಮಾತ್ರ ಎಕ್ಸೆಲ್‌ನಲ್ಲಿ ಮಾಡುವುದು ಅಂತ ಒಂಬತ್ತು ತಿಂಗಳು ಎಳೆದೆವು. ಆಮೇಲೆ ಯಾರೂ ಅದನ್ನು ತೆರೆಯಲೇ ಇಲ್ಲ.

ಎರಡನೇ ಸಲ ಇನ್ನೊಂದು ಕಂಪನಿ. ಹದಿನಾಲ್ಕು ದಿನ ಉಚಿತ ಟ್ರಯಲ್ ಅಂದರು, ಒಪ್ಪಿಕೊಂಡೆ. ದಿನ ಆರಿಸುವಾಗ ಯೋಚನೆ ಮಾಡಲಿಲ್ಲ, ಅದು ದಸರೆಯ ಸಮಯ. ಆಯುಧ ಪೂಜೆಗೆ ಗಾಡಿ ತೊಳೆದು, ಬೂದುಗುಂಬಳ ಒಡೆದು, ಬಾಳೆಕಂದು ಕಟ್ಟಿ ನಿಲ್ಲಿಸಿದ ಮೇಲೆ ಮೂರು ನಾಲ್ಕು ದಿನ ಯಾವ ಡ್ರೈವರೂ ಸಿಗಲ್ಲ. ಸರಿಯಾಗಿ ಟ್ರಿಪ್ಪೇ ಇಲ್ಲದೆ ಟ್ರಯಲ್ ಮುಗಿಯಿತು. ಹಬ್ಬ ಇಲ್ಲದಿದ್ದರೂ ಹದಿನಾಲ್ಕು ದಿನ ಸಾಲುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಪಿಒಡಿ, ಅಂದರೆ ಮಾಲು ತಲುಪಿತು ಅಂತ ಸೀಲು ಹಾಕಿದ ಕಾಗದ, ನಮ್ಮ ಕೈಗೆ ಬರಲಿಕ್ಕೇ ಹತ್ತು ಹನ್ನೆರಡು ದಿನ ಬೇಕು. ಪಿಒಡಿ ಇಲ್ಲದೆ ಬಿಲ್ ಇಲ್ಲ. ಬಿಲ್ ನೋಡದೆ ಸಾಫ್ಟ್‌ವೇರ್ ನೋಡಿದೆ ಅಂತ ಹೇಗೆ ಹೇಳುವುದು? ನನ್ನ ಇಡೀ ವಿಧಾನ ಹುಟ್ಟಿದ್ದು ಈ ಒಂದು ಮಾತಿನಿಂದ. ಗಾಡಿ ತಲುಪಿದಾಗ ಟ್ರಿಪ್ ಮುಗಿಯಿತು ಅಂತ ಸಾಫ್ಟ್‌ವೇರಿನವರು ಅಂದುಕೊಳ್ಳುತ್ತಾರೆ. ನಮಗೆ ಟ್ರಿಪ್ ಮುಗಿಯುವುದು ಗಿರಾಕಿ ಬಿಲ್ ಪಾಸ್ ಮಾಡಿದ ದಿನ.

ಮೂರನೇ ಸಲ ಹಾಗಾಗಿ ನಾನೇ ಷರತ್ತು ಹಾಕಿದೆ. ಉಚಿತ ಬೇಡ, ದುಡ್ಡು ಕೊಡುತ್ತೇನೆ ಅಂದೆ. ನಲವತ್ತು ಸಾವಿರ. ಕೊಂಡರೆ ಅದು ಲೈಸೆನ್ಸಿಗೆ ಜಮಾ, ಕೊಳ್ಳದಿದ್ದರೆ ಅವರಿಗೆ. ದುಡ್ಡು ಕೊಟ್ಟಾಗ ಮಾತ್ರ ಅವರ ಕಡೆಯಿಂದ ಕೆಲಸ ಗೊತ್ತಿರುವ ಹುಡುಗ ಬರುತ್ತಾನೆ. ಉಚಿತ ಟ್ರಯಲ್‌ಗೆ ಬರುವವನು ಸೇಲ್ಸ್‌ನವನು. ಏಳು ಗಾಡಿ, ಎರಡು ಲೈನು, ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ. ಮಳೆಗಾಲವನ್ನು ಬೇಕು ಅಂತಲೇ ಆರಿಸಿದೆ. ಬೇಸಿಗೆಯಲ್ಲಿ ಬೊಮ್ಮಸಂದ್ರ ಲೈನಿನಲ್ಲಿ ಯಾವ ಸಾಫ್ಟ್‌ವೇರಾದರೂ ಪಾಸಾಗುತ್ತೆ. ಜುಲೈನಲ್ಲಿ ಶಿರಾಡಿ ಘಾಟಿ ಇಳಿದು ಬರಲಿ, ನೋಡೋಣ. ಏಳು ಗಾಡಿಯನ್ನು ಹೇಗೆ ಆರಿಸಿದೆ ಅನ್ನುವುದರ ಹಿಂದೆ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅದು ನನಗೆ ತುಂಬಾ ದುಬಾರಿಯಾಗಿ ಸಿಕ್ಕ ಪಾಠ.

ಮೊದಲ ಎರಡು ವಾರ ಪೂರ್ತಿ ದಂಡ. ಭಯಕ್ಕೆ ಹಳೆಯ ಟ್ರಿಪ್ ಪುಸ್ತಕವನ್ನೂ ಇಟ್ಟುಕೊಂಡು, ಸಾಫ್ಟ್‌ವೇರಿಗೂ ಹಾಕಿ ಅಂತ ಸೂಪರ್‌ವೈಸರ್‌ಗೆ ಹೇಳಿದ್ದೆ. ರಿಪೋರ್ಟ್ ನೋಡಿದರೆ ಎಲ್ಲ ಸೊಗಸಾಗಿತ್ತು. ಒಂದು ದಿನ ಸುಮ್ನೆ ಎಂಟ್ರಿ ಆದ ಟೈಮ್ ನೋಡಿದೆ. ಇಡೀ ದಿನದ ಟ್ರಿಪ್‌ಗಳೆಲ್ಲ ರಾತ್ರಿ ಎಂಟೂ ಮುಕ್ಕಾಲರಿಂದ ಒಂಬತ್ತೂವರೆ ಒಳಗೆ ಹಾಕಿದ್ದು. ಪಾಪ, ಅವನು ಹಗಲು ಪುಸ್ತಕದಲ್ಲಿ ಬರೆದು, ರಾತ್ರಿ ಅದನ್ನು ನೋಡಿ ಟೈಪ್ ಮಾಡುತ್ತಿದ್ದ. ಅವನ ತಪ್ಪಲ್ಲ, ಎರಡು ಕೆಲಸ ಕೊಟ್ಟಿದ್ದು ನಾನು. ಮರುದಿನವೇ ಆ ಏಳು ಗಾಡಿಗಳ ಟ್ರಿಪ್ ಪುಸ್ತಕ ಬೀಗ ಹಾಕಿ ಒಳಗಿಟ್ಟೆ. ಒಂದು ಎಲ್‌ಆರ್ ಪುಸ್ತಕ ಮಾತ್ರ ಹೊರಗೆ, ಕರೆಂಟ್ ಹೋದರೆ ಬೇಕಲ್ಲ. ಸೂಪರ್‌ವೈಸರ್‌ಗೆ ತಿಂಗಳಿಗೆ ಮೂರು ಸಾವಿರ ಜಾಸ್ತಿ ಕೊಟ್ಟೆ. ಲೆಕ್ಕದವರು ಜಗಳಕ್ಕೇ ಬಂದರು. ಆದರೆ ನಿಜವಾದ ಟ್ರಯಲ್ ಶುರುವಾಗಿದ್ದು ಆ ದಿನ. ಪುಸ್ತಕ ತೆರೆದಿರುವವರೆಗೂ ಜನ ಪುಸ್ತಕದಲ್ಲೇ ಬರೆಯುತ್ತಾರೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಮೊದಲು ಹಾಲ್ಟಿಂಗ್, ಅಂದರೆ ಇಳಿಸದೆ ಗಾಡಿ ಕಾಯಿಸಿದ್ದಕ್ಕೆ ಗಿರಾಕಿ ಕೊಡಬೇಕಾದ ದುಡ್ಡು. ಡ್ರೈವರ್ ಆ್ಯಪ್‌ನಲ್ಲಿ ಮೂರು ಬಟನ್: ಹೊರಟೆ, ತಲುಪಿದೆ, ಇಳಿಸಿದೆ. ಸಕಲೇಶಪುರ ದಾಟಿ ಘಾಟಿ ಇಳಿದರೆ ಗುಂಡ್ಯದವರೆಗೆ ನೆಟ್‌ವರ್ಕ್ ಬರುವುದು ಹೋಗುವುದೇ ಜಾಸ್ತಿ. ನೆಟ್‌ವರ್ಕ್ ಇಲ್ಲದಾಗ ಒತ್ತಿದ ಬಟನ್ ಆಮೇಲೆ ಹೋಗುತ್ತೆ ಅಂತ ಕಂಪನಿಯವರು ಹೇಳಿದ್ದರು. ಹೋಗುತ್ತಿತ್ತು, ನಿಜ. ಆದರೆ ಒತ್ತಿದ ಸಮಯ ಹೋಗುತ್ತಿರಲಿಲ್ಲ, ನೆಟ್‌ವರ್ಕ್ ಸಿಕ್ಕ ಸಮಯ ಹೋಗುತ್ತಿತ್ತು. ನಾನು ಇದನ್ನು ಕಂಡುಹಿಡಿದದ್ದು ಆಫೀಸಿನಲ್ಲೇ ಕೂತು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹತ್ತು ನಿಮಿಷಕ್ಕೆ ಒಂದರಂತೆ ಮೂರೂ ಬಟನ್ ಒತ್ತಿ, ಊಟ ಮಾಡಿ ಬಂದು ಆನ್ ಮಾಡಿದೆ. ಮೂರೂ ಒಂದೇ ನಿಮಿಷದಲ್ಲಿ ಬಂದು ಕೂತವು. ತಲುಪಿದ ಸಮಯ ತಪ್ಪಾದರೆ ಹಾಲ್ಟಿಂಗ್ ಹೇಗೆ ಕೇಳುವುದು? ದಿನಕ್ಕೆ ಒಂದೂವರೆ ಸಾವಿರದ ಮಾತು. ಸರಿ ಮಾಡಿ ಕೊಡಲು ಅವರು ಆರು ದಿನ ತೆಗೆದುಕೊಂಡರು. ಕೊಂಡ ಮೇಲೆ ಕೇಳಿದ್ದರೆ ಆರು ತಿಂಗಳು ಆಗುತ್ತಿತ್ತು ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ.

ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯಲ್ಲಿ ಬೇಕಾದ ಪರವಾನಗಿ ಕಾಗದ, ಅದರ ಕಥೆ ಇನ್ನೂ ದೊಡ್ಡದು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ ಅನ್ನುವುದು ನಿಮಗೆಲ್ಲ ಗೊತ್ತು. 2021ಕ್ಕೆ ಮುಂಚೆ 100ಕ್ಕೆ ಒಂದು ದಿನ ಇತ್ತು. ಪೀಣ್ಯದಿಂದ ಮಂಗಳೂರು 350 ಚಿಲ್ಲರೆ, ಹಾಗಾಗಿ ಎರಡು ದಿನ. ಆದರೆ ಈ ದಿನ ಅಂದರೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕ ಅಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಟ್ ಬಿ (ಗಾಡಿ ನಂಬರಿನ ಭಾಗ) ತುಂಬಿದರೆ ಮೊದಲ ದಿನ ಮುಗಿಯುವುದು ಮಂಗಳವಾರ ಮಧ್ಯರಾತ್ರಿ, ಎರಡನೆಯದು ಬುಧವಾರ ಮಧ್ಯರಾತ್ರಿ. ಸಾಫ್ಟ್‌ವೇರ್ ಮಾತ್ರ ಬುಧವಾರ ಬೆಳಿಗ್ಗೆ ಒಂಬತ್ತಕ್ಕೇ ಮುಗಿಯುತ್ತೆ ಅಂತ ಲೆಕ್ಕ ಹಾಕಿ, ಎಂಟು ಗಂಟೆ ಮುಂಚೆ, ಅಂದರೆ ರಾತ್ರಿ ಒಂದು ಗಂಟೆಗೆ ಸೂಪರ್‌ವೈಸರ್ ಫೋನಿಗೆ ಅಲಾರಂ ಹೊಡೆಯುತ್ತಿತ್ತು. ಬೇಗ ಎಚ್ಚರಿಸುವುದು ಒಳ್ಳೆಯದೇ ಅಲ್ವಾ ಅಂತ ಕಂಪನಿಯವರು ವಾದ ಮಾಡಿದರು. ಒಳ್ಳೆಯದಲ್ಲ. ನಾಲ್ಕು ಸಲ ಸುಳ್ಳು ಅಲಾರಂ ಆದ ಮೇಲೆ ಸೂಪರ್‌ವೈಸರ್ ಫೋನನ್ನು ಸೈಲೆಂಟ್‌ಗೆ ಹಾಕಿ ಮಲಗಿದ. ಜುಲೈ ಎರಡನೇ ವಾರ ಸಕಲೇಶಪುರದ ಹತ್ತಿರ ಮಣ್ಣು ಕುಸಿದು ನಮ್ಮ ಟಾರಸ್ ನಿಂತುಬಿಟ್ಟಿತು. ಆ ದಿನ ಮಧ್ಯರಾತ್ರಿಗೆ ಇ-ವೇ ಬಿಲ್ ಅವಧಿ ನಿಜವಾಗಿ ಮುಗಿಯಿತು, ಅಲಾರಂ ಯಾರೂ ನೋಡಿರಲಿಲ್ಲ. ಬೆಳಿಗ್ಗೆ ಆರಕ್ಕೆ ಡ್ರೈವರ್ ಫೋನ್ ಮಾಡಿ "ಅಣ್ಣಾ, ಬಿಲ್ ಡೇಟ್ ನೋಡಿ" ಅಂದ. ಮುಗಿದ ಮೇಲೂ ಎಂಟು ಗಂಟೆಯೊಳಗೆ ಅವಧಿ ಮುಂದುವರಿಸಿಕೊಳ್ಳಬಹುದು, ಹಾಗಾಗಿ ಉಳಿದುಕೊಂಡೆವು. ಆರೂ ಕಾಲಿಗೆ ಮಾಡಿದೆವು. ಎಂಟು ಗಂಟೆ ದಾಟಿದ್ದರೆ ದಂಡದ ಮೊತ್ತ ನನ್ನ ಇಡೀ ಟ್ರಯಲ್ ಖರ್ಚನ್ನು ನುಂಗುತ್ತಿತ್ತು.

ಪಿಒಡಿ ವಿಷಯದಲ್ಲಿ ಒಂದು ಕಾಗದ ನನ್ನ ಕಣ್ಣ ಮುಂದೆ ಇನ್ನೂ ಇದೆ. ಮಂಗಳೂರಿನಲ್ಲಿ ಇಳಿಸಿದ ಮಾಲು. ಕಾಗದದ ಮೂಲೆಯಲ್ಲಿ ಎಣ್ಣೆ ಕಲೆ, ನಡುವೆ ನೀಲಿ ಸೀಲು, ಸೀಲಿನ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ "2 ಬಾಕ್ಸ್ ಕಡಿಮೆ" ಅಂತ ಬರೆದಿದ್ದರು. ಡ್ರೈವರ್ ಸರಿಯಾಗಿಯೇ ಫೋಟೊ ತೆಗೆದು ಹಾಕಿದ್ದ. ಆ್ಯಪ್ ಫೋಟೊವನ್ನು ಎಷ್ಟು ಕುಗ್ಗಿಸಿತ್ತು ಅಂದರೆ ಸೀಲು ಕಾಣುತ್ತಿತ್ತು, ಪೆನ್ಸಿಲ್ ಮಾಯ. ಸಾಫ್ಟ್‌ವೇರಿನಲ್ಲಿ ಟ್ರಿಪ್ ಹಸಿರಾಯಿತು, ಡೆಲಿವರ್ಡ್ ಅಂತ. ಮೂರು ವಾರ ಬಿಟ್ಟು ಗಿರಾಕಿ ಬಿಲ್ಲಿನಲ್ಲಿ ಹನ್ನೊಂದು ಸಾವಿರ ಕತ್ತರಿಸಿದರು. ಮಾಲು ಕಡಿಮೆ ಬಂದರೆ ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಈಗ ಇದೆ: ಶಾರ್ಟ್, ಡ್ಯಾಮೇಜ್, ಎರಡೂ. ಎರಡರಲ್ಲಿ ಒಂದನ್ನು ಒತ್ತಿದರೆ ಟ್ರಿಪ್ ಹಳದಿಯಾಗುತ್ತೆ, ನಾನು ನೋಡದೆ ಬಿಲ್ ಆಗಲ್ಲ. ಫೋಟೊ ಕುಗ್ಗಿಸುವುದನ್ನೂ ನಿಲ್ಲಿಸಿದರು. ಆ ಹನ್ನೊಂದು ಸಾವಿರ ವಾಪಸ್ ಬರಲಿಲ್ಲ.

ರೂಟ್ ಪ್ಲಾನಿಂಗ್ ಅನ್ನುವ ಇನ್ನೊಂದು ಭಾಗವನ್ನು ಅವರು ತುಂಬಾ ಹೊಗಳಿ ಮಾರಲು ನೋಡಿದರು. ಪೀಣ್ಯದಿಂದ ಬೊಮ್ಮಸಂದ್ರಕ್ಕೆ ಅದು ಔಟರ್ ರಿಂಗ್ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ದಾಟಿ ಹೋಗು ಅಂತ ತೋರಿಸಿತು, ಕಿಲೋಮೀಟರ್ ಉಳಿಯುತ್ತೆ ಅಂತ. ನಮ್ಮ ಡ್ರೈವರ್‌ಗಳು ಮಾದಾವರದಲ್ಲಿ ನೈಸ್ ರಸ್ತೆ ಹತ್ತಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಇಳಿಯುತ್ತಾರೆ. ಟೋಲ್ ಜಾಸ್ತಿ, ನಿಜ. ಆದರೆ ಬೆಳಿಗ್ಗೆ ಸಂಜೆ ನಗರದೊಳಗೆ ದೊಡ್ಡ ಗಾಡಿಗೆ ನೋ ಎಂಟ್ರಿ ಅನ್ನುವುದು ಆ ಸಾಫ್ಟ್‌ವೇರಿಗೆ ಗೊತ್ತೇ ಇರಲಿಲ್ಲ. ಪೀಣ್ಯ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಮುಚ್ಚಿ, ಆಮೇಲೆ ಸಣ್ಣ ಗಾಡಿ ಮಾತ್ರ ಬಿಟ್ಟಿದ್ದ ಕಾಲದಲ್ಲಿ ಕೆಳಗಿನ ರಸ್ತೆಯಲ್ಲಿ ನಾವು ಸುರಿದ ಡೀಸೆಲ್ ನೆನಪಾಯಿತು. ಆ ಭಾಗ ಬೇಡವೇ ಬೇಡ ಅಂದೆ.

ನಡುವೆ ನಾನೇ ಎರಡು ಬೇರೆ ಪ್ರಯೋಗ ಮಾಡಿದೆ. ಒಂದು, ಇನ್ನೂ ಐದು ಗಾಡಿಯನ್ನು ಅದೇ ನಲವತ್ತೈದು ದಿನ ಬರೀ ವಾಟ್ಸ್ಆ್ಯಪ್ ಗ್ರೂಪು ಮತ್ತು ಗೂಗಲ್ ಶೀಟಿನಲ್ಲಿ ಓಡಿಸಿದೆ. ಖರ್ಚು ಸೊನ್ನೆ. ಇದನ್ನು ಕೇಳಿ ನನ್ನ ತಮ್ಮ "ತಲೆ ಕೆಟ್ಟಿದೆಯಾ" ಅಂದ. ಆದರೆ ಈ ಐದು ಗಾಡಿ ಇಲ್ಲದಿದ್ದರೆ ಸಾಫ್ಟ್‌ವೇರ್ ಎಷ್ಟು ದುಡ್ಡಿಗೆ ಬೆಲೆಬಾಳುತ್ತೆ ಅಂತ ನನಗೆ ತಿಳಿಯುತ್ತಲೇ ಇರಲಿಲ್ಲ. ಗಾಡಿ ಎಲ್ಲಿದೆ, ಅಡ್ವಾನ್ಸ್ ಎಷ್ಟು, ಭತ್ಯೆ ಎಷ್ಟು, ಇದೆಲ್ಲ ಶೀಟಿನಲ್ಲೇ ಚೆನ್ನಾಗಿ ನಡೆಯಿತು. ಸೋತಿದ್ದು ಬಿಲ್ಲಿನಲ್ಲಿ. ಲೋಡ್ ಮಾಡಿದ ದಿನದಿಂದ ಬಿಲ್ ಕೊಡುವವರೆಗೆ ಶೀಟಿನ ಗಾಡಿಗಳಿಗೆ ಹದಿನೇಳು ಹದಿನೆಂಟು ದಿನ, ಸಾಫ್ಟ್‌ವೇರ್ ಗಾಡಿಗಳಿಗೆ ಎಂಟೊಂಬತ್ತು ದಿನ.

ಎರಡನೆಯದು ಫಾಸ್ಟ್ಯಾಗ್. ಟೋಲ್ ಕಡಿತದ ಸ್ಟೇಟ್‌ಮೆಂಟಿನ ಸಮಯವನ್ನು ಜಿಪಿಎಸ್ ಸಮಯದ ಪಕ್ಕ ಇಟ್ಟು ನೋಡಿದೆ. ಎರಡು ಕಡೆ ಗಾಡಿ ಪೀಣ್ಯದ ಯಾರ್ಡಿನಲ್ಲಿ ನಿಂತಿದ್ದಾಗ ಟೋಲ್ ಕಡಿತ ಆಗಿತ್ತು. ದೂರು ಕೊಟ್ಟೆವು, ಒಂದು ವಾಪಸ್ ಬಂತು. ಸಣ್ಣ ಮೊತ್ತ. ಆದರೆ ಈಗ ತಿಂಗಳಿಗೊಮ್ಮೆ ನೋಡುತ್ತೇವೆ. ಡೀಸೆಲ್ ಸೆನ್ಸರ್ ಕೂಡ ಒಂದು ಗಾಡಿಗೆ ಹಾಕಿಸಿದ್ದೆ. ಘಾಟಿಯಲ್ಲಿ ಟ್ಯಾಂಕು ವಾಲಿದಾಗಲೆಲ್ಲ ಕಳ್ಳತನ ಅಂತ ತೋರಿಸಿತು. ತೆಗೆಸಿ ಬಿಟ್ಟೆ. ಡೀಸೆಲ್ ಹಿಡಿಯಲು ನನ್ನದೇ ಒಂದು ದಾರಿ ಇದೆ, ಅದು ಆಫೀಸಿನ ಒಳಗೇ ಇರಲಿ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಟ್ರಯಲ್ ಫೀಸು ನಲವತ್ತು ಸಾವಿರ. ಇಬ್ಬರು ಡ್ರೈವರ್‌ಗಳ ಹತ್ತಿರ ಕೀಪ್ಯಾಡ್ ಫೋನ್ ಇತ್ತು, ಎರಡು ಹೊಸ ಫೋನಿಗೆ ಹದಿನೈದು ಹದಿನಾರು ಸಾವಿರ. ರೀಚಾರ್ಜು, ಸೂಪರ್‌ವೈಸರ್ ಹೆಚ್ಚುವರಿ ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು. ಏಳು ಗಾಡಿಗಳಿಂದ ಆ ನಲವತ್ತೈದು ದಿನದಲ್ಲಿ ವಸೂಲಾದ ಹಾಲ್ಟಿಂಗ್ ಮೂವತ್ತು ಸಾವಿರ ಚಿಲ್ಲರೆ. ಮುಂಚೆ ಇದರಲ್ಲಿ ಅರ್ಧವನ್ನೂ ಗಿರಾಕಿಗಳು ಒಪ್ಪುತ್ತಿರಲಿಲ್ಲ, ಯಾಕೆಂದರೆ ನಮ್ಮ ಹತ್ತಿರ ಗೇಟಿಗೆ ಬಂದ ಸಮಯದ ಸಾಕ್ಷಿ ಇರಲಿಲ್ಲ. 38 ಗಾಡಿಗೆ ಕಂಪನಿ ಮೊದಲು ಕೇಳಿದ್ದು ವರ್ಷಕ್ಕೆ ಆರು ಲಕ್ಷದ ಮೇಲೆ. ರೂಟ್ ಪ್ಲಾನಿಂಗ್ ತೆಗೆದು, ಡೀಸೆಲ್ ತೆಗೆದು, ಗೂಗಲ್ ಶೀಟ್ ಮುಂದಿಟ್ಟು ಮಾತಾಡಿದ ಮೇಲೆ ಮೂರು ಲಕ್ಷ ನಲವತ್ತಕ್ಕೆ ಬಂದರು.

ಟ್ರಯಲ್‌ನ ಕೊನೆಯ ದಿನ ಒಂದು ಕೆಲಸ ಉಳಿದಿತ್ತು. ನಮ್ಮ ನಲವತ್ತೈದು ದಿನದ ಅಷ್ಟೂ ಡೇಟಾ, ಪಿಒಡಿ ಫೋಟೊ ಸಮೇತ, ಎಕ್ಸೆಲ್‌ನಲ್ಲಿ ಇವತ್ತೇ ಕೊಡಿ ಅಂದೆ. 2021ರ ಕಂಪನಿಯವರು ಬಿಟ್ಟು ಹೋಗುವಾಗ ಬರೀ ಪಿಡಿಎಫ್ ಕೊಟ್ಟಿದ್ದರು, ಅದೂ ಕನ್ನಡದ ಹೆಸರುಗಳಿದ್ದ ಕಡೆ ಚೌಕ ಚೌಕ ಡಬ್ಬಿ. ಇವರ ಹುಡುಗ ನಮ್ಮ ಮುಂದೆಯೇ ಕೂತು ಮುಕ್ಕಾಲು ಗಂಟೆಯಲ್ಲಿ ಇಳಿಸಿ ಕೊಟ್ಟ. ಲೆಕ್ಕದವರು ಅದನ್ನು ನಮ್ಮ ಲೆಕ್ಕಪತ್ರ ಇರುವ ಟ್ಯಾಲಿಯ ಜೊತೆ ಸಾಲು ಸಾಲಾಗಿ ಹೋಲಿಸಿದರು. ಮೂರು ಎಲ್‌ಆರ್ ಮಾತ್ರ ವ್ಯತ್ಯಾಸ, ಮೂರೂ ಪುಸ್ತಕ ಬೀಗ ಹಾಕುವ ಮೊದಲಿನವು. ಸಂಜೆ ಲೆಕ್ಕದವರೇ ಬಂದು "ಹೊಸೂರು ಲೈನಿನ ಗಾಡಿಗಳನ್ನು ಯಾವಾಗ ಹಾಕೋಣ" ಅಂತ ಕೇಳಿದರು. ಮುಂದಿನ ಸೋಮವಾರದಿಂದ ಹನ್ನೊಂದು ಗಾಡಿ ಸೇರುತ್ತಿವೆ.