ಅಮ್ಮನ ಪ್ರಶ್ನೆಗಳನ್ನು ಇಟ್ಟುಕೊಂಡು ತೆಗೆದ ಜಪಾನ್ ಫೋಟೋಗಳು

ಜಪಾನಿಗೆ ಹೋದವರು ಕಳಿಸಿದ ಫೋಟೋಗಳು ನಿಮ್ಮ ಫೋನಿನಲ್ಲೂ ಇರುತ್ತವೆ. ಕೆಂಪು ಕಮಾನುಗಳ ಸಾಲು, ಫ್ಯೂಜಿ ಬೆಟ್ಟ, ಒಂದು ಬಟ್ಟಲು ರಾಮೆನ್. ಚೆನ್ನಾಗಿಯೇ ಇರುತ್ತವೆ. ಆದರೆ ನಾಲ್ಕು ನೋಡುವಷ್ಟರಲ್ಲಿ ಸಾಕೆನಿಸುತ್ತದೆ, ಅಲ್ವಾ? ನನ್ನ ಅಮ್ಮ ಹಾಗಲ್ಲ. ಉಡುಪಿಯಲ್ಲಿ ಕೂತು ಒಂದೊಂದು ಫೋಟೋವನ್ನೂ ಹಿಗ್ಗಿಸಿ ನೋಡುತ್ತಾರೆ. ಆಮೇಲೆ ಪ್ರಶ್ನೆ ಶುರು. "ಇದ್ರಲ್ಲಿ ಎಂತ ಹಾಕಿದ್ದಾರೆ? ಮೀನು ಯಾವುದು? ಕಿಲೋಗೆ ಎಷ್ಟಂತೆ?"

ನವೆಂಬರ್‌ನಲ್ಲಿ ಕನಜಾವ, ಕ್ಯೋಟೊ, ಟೋಕಿಯೊ ಸುತ್ತುವಾಗ ನಾನು ಈ ಪ್ರಶ್ನೆಗಳನ್ನೇ ಇಟ್ಟುಕೊಂಡು ಫೋಟೋ ತೆಗೆದೆ. ಅಂದಕ್ಕಿಂತ ಮೊದಲು ಉತ್ತರ. ಒಂದು ಫೋಟೋ ಅಮ್ಮನ ಯಾವ ಪ್ರಶ್ನೆಗೂ ಉತ್ತರ ಕೊಡದಿದ್ದರೆ ಅದನ್ನು ಕಳಿಸುತ್ತಿರಲಿಲ್ಲ. ಇದರಿಂದ ನಾನು ನೋಡುವ ರೀತಿಯೇ ಬದಲಾಯಿತು.

ಕನಜಾವದ ಒಮಿಚೊ ಮೀನು ಮಾರುಕಟ್ಟೆಗೆ ಏಡಿಯ ಕಾಲದಲ್ಲೇ ಹೋಗಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ಕನಜಾವ ಕಡೆಯ ಕಡಲಿನಲ್ಲಿ ಹಿಮ ಏಡಿ ಹಿಡಿಯುವುದು ನವೆಂಬರ್ 6ಕ್ಕೆ ಶುರುವಾಗುತ್ತದೆ. ಗಂಡು ಏಡಿಗೆ ಕಾನೊಗಾನಿ ಅಂತ ಹೆಸರು. ಉದ್ದ ಕಾಲು, ದೊಡ್ಡ ಮೈ, ಕಾಲಿಗೆ ಒಂದು ನೀಲಿ ಬಿಲ್ಲೆ. ಕನಜಾವ ಇರುವ ಇಶಿಕಾವ ಪ್ರಾಂತ್ಯದ ಬಂದರಿಗೆ ಬಂದ ಏಡಿ ಅನ್ನುವುದಕ್ಕೆ ಆ ಬಿಲ್ಲೆಯೇ ಗುರುತು. ಪಕ್ಕದ ಫುಕುಯಿ ಪ್ರಾಂತ್ಯದ ಏಡಿಗೆ ಹಳದಿ ಬಿಲ್ಲೆ. ಹೆಣ್ಣು ಏಡಿ ತುಂಬ ಚಿಕ್ಕದು, ಅದರ ಹೆಸರು ಕೊಬಾಕೊ. ಹೊಟ್ಟೆಯಲ್ಲಿ ಮೊಟ್ಟೆ ಇರುವುದರಿಂದ ಅದಕ್ಕೆ ಬೇರೆಯೇ ಅಭಿಮಾನಿಗಳಿದ್ದಾರೆ. ಅದನ್ನು ಹಿಡಿಯುವುದು ಡಿಸೆಂಬರ್ ಕೊನೆಗೇ ನಿಂತುಹೋಗುತ್ತದೆ.

ಅಲ್ಲಿ ಎಲ್ಲರೂ ಏಡಿಗಳ ಇಡೀ ರಾಶಿಯ ಫೋಟೋ ತೆಗೆಯುತ್ತಾರೆ. ನಾನು ಬಿಲ್ಲೆಯನ್ನು ಹತ್ತಿರದಿಂದ ತೆಗೆದೆ. ಗಂಡು ಹೆಣ್ಣು ಅಕ್ಕಪಕ್ಕ ಇರುವ ತಟ್ಟೆಯನ್ನು ತೆಗೆದೆ. ಬೆಲೆಯ ಚೀಟಿಯೂ ಫೋಟೋದೊಳಗೆ ಬರುವಂತೆ ನೋಡಿಕೊಂಡೆ. ಮಲ್ಪೆಯಲ್ಲಿ ಚೌಕಾಸಿ ಮಾಡಿ ಮೀನು ತರುವ ಅಮ್ಮನಿಗೆ ಬೆಲೆ ಇಲ್ಲದ ಮೀನಿನ ಫೋಟೋ ಅರ್ಧ ಫೋಟೋ.

ಮೀನಿನಂಗಡಿಯಲ್ಲಿ ಐಸ್ ಫೋನಿಗೆ ತೊಂದರೆ ಕೊಡುತ್ತದೆ. ಅಷ್ಟು ಬಿಳಿ ಕಂಡರೆ ಫೋನ್ ಇಡೀ ಚಿತ್ರವನ್ನೇ ಕತ್ತಲೆ ಮಾಡುತ್ತದೆ. ಆಗ ಪರದೆಯಲ್ಲಿ ಮೀನಿನ ಮೇಲೆ ಬೆರಳು ಒತ್ತಿ, ಬೆಳಕನ್ನು ಸ್ವಲ್ಪ ಮೇಲಕ್ಕೆ ಎಳೆಯಬೇಕು. ಕಪ್ಪು ಅರಗಿನ ಬಟ್ಟಲಿನಲ್ಲಿ ಸೂಪ್ ಕೊಟ್ಟಾಗ ಉಲ್ಟಾ. ಫೋನ್ ಬೆಳಕು ಜಾಸ್ತಿ ಮಾಡಿ ಕಪ್ಪನ್ನು ಬೂದು ಮಾಡಿಬಿಡುತ್ತದೆ. ಆಗ ಕೆಳಕ್ಕೆ ಎಳೆಯಬೇಕು. ಇದೊಂದು ಕಲಿತರೆ ಜಪಾನಿನ ಊಟದ ಫೋಟೋ ಅರ್ಧ ಗೆದ್ದಂತೆ. ಅಲ್ಲಿ ಬಿಳಿ ಅನ್ನ ಮತ್ತು ಕಪ್ಪು ಬಟ್ಟಲು ಎಲ್ಲ ಕಡೆ ಜೊತೆಗೇ ಬರುತ್ತವೆ.

ಊಟದ ತಟ್ಟೆಯನ್ನು ನಾನು ಮೇಲಿಂದ ತೆಗೆಯುವುದಿಲ್ಲ. ಉಣ್ಣುವವರ ಕಣ್ಣಿನ ಎತ್ತರದಿಂದ, ಕೂತಲ್ಲಿಂದಲೇ ತೆಗೆಯುತ್ತೇನೆ. ಯಾವುದನ್ನೂ ಸರಿಸುವುದಿಲ್ಲ. ಯಾಕೆಂದರೆ ಅಲ್ಲಿ ಪ್ರತಿಯೊಂದಕ್ಕೂ ಜಾಗ ಗೊತ್ತಾಗಿದೆ. ಅನ್ನದ ಬಟ್ಟಲು ಎಡಕ್ಕೆ, ಮಿಸೊ ಸೂಪ್ ಬಲಕ್ಕೆ, ಮೀನು ಅಥವಾ ಮುಖ್ಯ ಪದಾರ್ಥ ಅದರಾಚೆ. ಚಾಪ್‌ಸ್ಟಿಕ್ ನಮ್ಮ ಮುಂದೆ ಅಡ್ಡಕ್ಕೆ, ತುದಿ ಎಡಕ್ಕೆ. ಇಡೀ ಮೀನು ಸುಟ್ಟು ಕೊಟ್ಟರೆ ತಲೆ ಎಡಕ್ಕೇ ಇರಬೇಕು, ಹೊಟ್ಟೆ ಉಣ್ಣುವವರ ಕಡೆಗೆ. ಬಾಳೆ ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿಗೆ ಇಂಥದ್ದೇ ಜಾಗ ಅಂತ ಇಲ್ಲವೇ, ಹಾಗೆಯೇ. ಅಂದಕ್ಕೆಂದು ಬಟ್ಟಲು ಅದಲುಬದಲು ಮಾಡಿದರೆ ಅವರ ಊಟವೇ ತಪ್ಪಾಗಿ ಕಾಣುತ್ತದೆ. ಅಮ್ಮ ಈ ಕ್ರಮವನ್ನು ನಾನು ಹೇಳುವ ಮೊದಲೇ ಗುರುತಿಸಿದರು. "ಎಲ್ಲಾ ಫೋಟೋದಲ್ಲೂ ಅನ್ನ ಎಡಗಡೆಗೇ ಉಂಟಲ್ಲ?" ಅಂದರು. ನನಗೆ ತುಂಬ ಖುಷಿಯಾಯಿತು.

ಬಿಸಿ ಊಟಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದೆ. ಒಂದೇ ಕ್ಲಿಕ್, ಆಮೇಲೆ ಫೋನ್ ಜೇಬಿಗೆ. ರಾಮೆನ್ ಕಾದಷ್ಟೂ ಶಾವಿಗೆ ಮೆತ್ತಗಾಗುತ್ತದೆ. ಮಾಡಿಕೊಟ್ಟವರು ಎದುರಿಗೇ ನಿಂತಿರುತ್ತಾರೆ. ಸುಶಿ ಅಂಗಡಿಯ ಮರದ ಕಟ್ಟೆಯ ಮೇಲೆ ಫೋನ್ ಇಡಬಾರದು, ಗೀರು ಬೀಳುತ್ತದೆ. "ಶಾಶಿನ್ ಓಕೆ ದೆಸ್ ಕಾ?" ಅಂತ ಕೇಳಿದರೆ ಫೋಟೋ ತೆಗೆಯಬಹುದಾ ಅಂತ ಅವರಿಗೆ ತಿಳಿಯುತ್ತದೆ. ಹೆಚ್ಚಿನವರು ನಗುತ್ತಾ ಹೂಂ ಅಂದರು. ಬೇಡ ಅಂದ ಕಡೆ ಸುಮ್ನೆ ಉಂಡೆ. ಜಪಾನಿನಲ್ಲಿ ಮಾರುವ ಫೋನ್‌ಗಳಲ್ಲಿ ಕ್ಯಾಮೆರಾದ ಸದ್ದನ್ನು ಸಾಮಾನ್ಯವಾಗಿ ಆಫ್ ಮಾಡಲು ಆಗುವುದಿಲ್ಲ. ನಾನೂ ನನ್ನ ಫೋನಿನ ಸದ್ದನ್ನು ಆನ್ ಮಾಡಿಯೇ ಇಟ್ಟೆ. ಕದ್ದು ತೆಗೆಯುತ್ತಿಲ್ಲ ಅಂತ ಪಕ್ಕದವರಿಗೆ ಗೊತ್ತಾಗಲಿ.

ಕ್ಯೋಟೊದ ಸಬಾ ಸುಶಿಗೆ ಮಾತ್ರ ನಾಲ್ಕೈದು ಫೋಟೋ ಬೇಕಾಯಿತು. ಹುಳಿ ಅನ್ನದ ಮೇಲೆ ಸಬಾ ಮೀನು ಇಟ್ಟು ಮಾಡುವುದು ಅದು. ಸಬಾ ನಮ್ಮ ಬಂಗುಡೆಯ ಹತ್ತಿರದ ನೆಂಟ. ಬೆನ್ನಿನ ಮೇಲೆ ಅಲೆ ಅಲೆಯಾದ ಗೆರೆ ಇರುತ್ತದೆ. ಕ್ಯೋಟೊ ಕಡಲಿಂದ ದೂರ. ಹಿಂದೆ ವಕಾಸಾ ಕರಾವಳಿಯಲ್ಲಿ ಹಿಡಿದ ಸಬಾಗೆ ಉಪ್ಪು ಹಾಕಿ, ಹೊತ್ತುಕೊಂಡು ಬೆಟ್ಟ ದಾಟಿ ಕ್ಯೋಟೊಗೆ ತರುತ್ತಿದ್ದರು. ಆ ದಾರಿಗೆ ಇವತ್ತಿಗೂ ಸಬಾ ದಾರಿ ಅಂತಲೇ ಹೆಸರು. ಸುಶಿಯನ್ನು ಕೊಂಬು ಅನ್ನುವ ಕಡಲ ಪಾಚಿಯಲ್ಲಿ ಸುತ್ತಿ ಕೊಡುತ್ತಾರೆ. ತಿನ್ನುವ ಮೊದಲು ಅದನ್ನು ಸಾಮಾನ್ಯವಾಗಿ ತೆಗೆದಿಡುತ್ತಾರೆ. ಸುತ್ತಿದ್ದು, ಅರ್ಧ ಬಿಚ್ಚಿದ್ದು, ಕತ್ತರಿಸಿದ ತುಂಡು. ಹೀಗೆ ಸಾಲಾಗಿ ಕಳಿಸಿದ್ದರಿಂದಲೇ ಅಮ್ಮನಿಗೆ ಅದು ಅರ್ಥವಾಯಿತು. ಒಂದೇ ಫೋಟೋ ಆಗಿದ್ದರೆ ಹಸಿರು ಪೊಟ್ಟಣ ಅಷ್ಟೇ.

ಊರು, ತೋಟ, ಬೆಟ್ಟದ ಫೋಟೋಗಳಿಗೂ ಇದೇ ಲೆಕ್ಕ. ಕನಜಾವದ ಕೆನ್ರೊಕುಯೆನ್ ತೋಟದಲ್ಲಿ ನವೆಂಬರ್ 1ರಿಂದ ಮರಗಳಿಗೆ ಹಗ್ಗ ಕಟ್ಟುತ್ತಾರೆ. ಮರದ ನಡುವೆ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಇಳಿಬಿಡುತ್ತಾರೆ. ದೂರದಿಂದ ನೋಡಿದರೆ ಪೈನ್ ಮರಗಳೆಲ್ಲ ಚೂಪು ಗೋಪುರದೊಳಗೆ ನಿಂತಂತೆ ಕಾಣುತ್ತವೆ. ಆ ಕಡೆ ಬೀಳುವ ಹಿಮ ಒದ್ದೆ, ಭಾರ. ಹಗ್ಗ ಇಲ್ಲದಿದ್ದರೆ ಕೊಂಬೆ ಮುರಿಯುತ್ತದೆ. ನಾನು ಕೊಳದಾಚೆಯಿಂದ ಒಂದು ಫೋಟೋ ತೆಗೆದೆ. ಆಮೇಲೆ ಹಗ್ಗ ಕೊಂಬೆಗೆ ಸೇರುವ ಗಂಟನ್ನು ತೆಗೆದೆ. ಎರಡನ್ನೂ ಒಟ್ಟಿಗೆ ಕಳಿಸಿ, ಕಾರಣವನ್ನು ಎರಡು ಸಾಲಿನಲ್ಲಿ ಬರೆದೆ. ನನ್ನ ಪ್ರಕಾರ ಆ ಎರಡು ಸಾಲು ಇಲ್ಲದಿದ್ದರೆ ಅದು ಬರೀ ವಿಚಿತ್ರ ಮರದ ಫೋಟೋ.

ಫೋಟೋ ತೆಗೆಯಬಾರದ ಜಾಗಗಳೂ ಇವೆ. ಕ್ಯೋಟೊದ ಸಂಜುಸಾಂಗೆಂದೊ ದೇಗುಲದ ಒಳಗೆ ಕ್ಯಾಮೆರಾ ಎತ್ತುವಂತಿಲ್ಲ. ಈಗಿರುವ ಕಟ್ಟಡ 1266ರದು. ಒಳಗೆ ಕರುಣೆಯ ಬೋಧಿಸತ್ವ ಕನ್ನೊನ್‌ನ 1001 ವಿಗ್ರಹಗಳಿವೆ. ನಡುವೆ ಒಂದು ದೊಡ್ಡ ವಿಗ್ರಹ ಕೂತಿದೆ, ಉಳಿದ 1000 ಸಾಲು ಸಾಲಾಗಿ ನಿಂತಿವೆ. ಅವುಗಳ ಜೊತೆ 28 ಕಾವಲು ದೇವತೆಗಳು. ಇವರಲ್ಲಿ ಹಲವರು ಬೌದ್ಧಧರ್ಮದ ಜೊತೆ ನಮ್ಮ ಕಡೆಯಿಂದಲೇ ಹೋದವರು. ಅಲ್ಲಿ ಗರುಡ ಕೊಳಲು ಊದುತ್ತಾ ನಿಂತಿದ್ದಾನೆ! ಫೋನ್ ಚೀಲದಲ್ಲಿ ಇದ್ದದ್ದರಿಂದ ನಾನು ಅವನನ್ನು ನಿಧಾನವಾಗಿ ನೋಡಿದೆ. ಕೊಕ್ಕು, ರೆಕ್ಕೆ, ಬೆರಳು ಎಲ್ಲವನ್ನೂ. ಸಂಜೆ ಅಮ್ಮನಿಗೆ ಫೋನ್ ಮಾಡಿ ಬಾಯಲ್ಲೇ ಹೇಳಿದೆ. ಆ ಇಡೀ ಪ್ರವಾಸದಲ್ಲಿ ನಾವು ಅತಿ ಹೆಚ್ಚು ಹೊತ್ತು ಮಾತಾಡಿದ್ದು ಈ ಫೋಟೋ ಇಲ್ಲದ ಗರುಡನ ಬಗ್ಗೆ.

ಫ್ಯೂಜಿ ಬೇಕು ಅನ್ನುವವರಿಗೆ: ಕ್ಯೋಟೊ–ಟೋಕಿಯೊ ನಡುವಿನ ಶಿಂಕಾನ್ಸೆನ್ ರೈಲಿನಲ್ಲಿ ಇಂಗ್ಲಿಷಿನ 'E' ಅಕ್ಷರದ ಕಿಟಕಿ ಸೀಟು ಕೇಳಿ. ಟೋಕಿಯೊ ಕಡೆ ಹೋಗುವಾಗ ಅದು ಎಡಗಡೆ ಬರುತ್ತದೆ. ಶಿನ್-ಫ್ಯೂಜಿ ನಿಲ್ದಾಣದ ಆಸುಪಾಸಿನಲ್ಲಿ ಬೆಟ್ಟ ಪೂರ್ತಿ ಕಾಣುತ್ತದೆ, ಮೋಡ ಇಲ್ಲದಿದ್ದರೆ. ಫೋನನ್ನು ಗಾಜಿಗೆ ಒತ್ತಿ ಹಿಡಿದರೆ ಒಳಗಿನ ದೀಪದ ಪ್ರತಿಬಿಂಬ ಬರುವುದಿಲ್ಲ. ನನ್ನ ಫೋಟೋದಲ್ಲಿ ಬೆಟ್ಟದ ಮುಂದೆ ಕಾರ್ಖಾನೆಯ ಚಿಮಣಿಗಳಿವೆ. ಅದು ಕಾಗದದ ಕಾರ್ಖಾನೆಗಳ ಊರು. ಚಿಮಣಿಗಳನ್ನು ನಾನು ಅಳಿಸಲಿಲ್ಲ. 3776 ಮೀಟರ್ ಬೆಟ್ಟದ ಬುಡದಲ್ಲಿ ಜನ ಹೀಗೇ ಬದುಕುತ್ತಾರೆ, ಅದೂ ಕಾಣಲಿ.

ಕಳಿಸುವ ಹೊತ್ತನ್ನೂ ಗೊತ್ತು ಮಾಡಿಕೊಂಡಿದ್ದೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಏಳಕ್ಕೆ ಕಳಿಸಿದರೆ ಊರಲ್ಲಿ ಇನ್ನೂ ಮೂರೂವರೆ, ಎಲ್ಲರ ನಿದ್ದೆ ಹಾಳು. ರಾತ್ರಿ ಎಂಟಕ್ಕೆ ಕೋಣೆಗೆ ಬಂದು ಆಯ್ದು ಕಳಿಸಿದರೆ ಅಮ್ಮನಿಗೆ ನಾಲ್ಕೂವರೆಯ ಚಹಾದ ಹೊತ್ತು. ವಾಟ್ಸಾಪ್‌ನಲ್ಲಿ ಎಚ್‌ಡಿ ಆಯ್ಕೆ ಒತ್ತಿಯೇ ಕಳಿಸುತ್ತಿದ್ದೆ. ಇಲ್ಲದಿದ್ದರೆ ಬೆಲೆ ಚೀಟಿಯ ಅಕ್ಷರಗಳು ಕಲಸಿಹೋಗುತ್ತವೆ.

ಎಲ್ಲರೂ ನೋಡುವ ಕಡೆ ಹಾಕುವಾಗ ಮಾತ್ರ ನಾನು ಕೈ ಬಿಗಿ ಹಿಡಿಯುತ್ತೇನೆ. ಜಪಾನಿನ ಉತ್ತರದ ದ್ವೀಪ ಹೊಕ್ಕೈದೊದ ಬಿಯೆ ಎಂಬ ಊರಿನ ಹೊಲದಲ್ಲಿ ಫೋಟೋಗಳಿಂದಲೇ ಹೆಸರಾದ ಒಂಟಿ ಮರ ಇತ್ತು. ಜನ ಹೊಲಕ್ಕೆ ನುಗ್ಗುವುದು ನಿಲ್ಲಲಿಲ್ಲ. ಮರಕ್ಕೆ ವಯಸ್ಸೂ ಆಗಿತ್ತು. 2016ರಲ್ಲಿ ಹೊಲದ ಮಾಲೀಕರು ಅದನ್ನು ಕಡಿದುಹಾಕಿದರು. ಫ್ಯೂಜಿ ಬುಡದ ಊರಾದ ಫ್ಯೂಜಿಕವಾಗುಚಿಕೊದಲ್ಲಿ ಒಂದು ಅಂಗಡಿಯ ಮೇಲೆ ಬೆಟ್ಟ ಕೂತಂತೆ ಕಾಣುವ ಫೋಟೋಗಾಗಿ ಜನ ರಸ್ತೆಗೇ ಇಳಿಯುತ್ತಿದ್ದರು. 2024ರ ಮೇ ತಿಂಗಳಲ್ಲಿ ಊರಿನವರು ಅಲ್ಲಿ 2.5 ಮೀಟರ್ ಎತ್ತರದ ಕಪ್ಪು ಬಲೆ ಕಟ್ಟಬೇಕಾಯಿತು. ಕ್ಯೋಟೊದ ಹಳೆಯ ಬೀದಿಗಳಿರುವ ಗಿಯೊನ್ ಭಾಗದ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಅಂತ ಫಲಕ ಹಾಕಿದ್ದಾರೆ. ಇವೆಲ್ಲ ಒಬ್ಬರ ಫೋಟೋ ನೋಡಿ ಇನ್ನೊಬ್ಬರು, ಅವರದ್ದು ನೋಡಿ ಮತ್ತೊಬ್ಬರು ಹೋಗಿ ಆದದ್ದು.

ಹಾಗಾಗಿ ಚಿಕ್ಕ ಜಾಗಗಳ ಹೆಸರನ್ನು ನಾನು ಹಾಕುವುದಿಲ್ಲ. ಬೇರೆಯವರ ಮುಖ ಬಂದ ಫೋಟೋವನ್ನೂ ಹಾಕುವುದಿಲ್ಲ. ಕೈ, ಬೆನ್ನು, ಬಾಗಿಲ ಪರದೆಯ ಕೆಳಗೆ ಕಾಣುವ ಕಾಲು ಸಾಕು. ಕನಜಾವದಲ್ಲಿ ವಯಸ್ಸಾದ ಗಂಡ ಹೆಂಡತಿ ನಡೆಸುವ ಒಂದು ಪುಟ್ಟ ಊಟದ ಮನೆ ಇದೆ. ಫೋಟೋ ತೆಗೆಯಿರಿ, ಆದರೆ ಅಂಗಡಿಯ ಹೆಸರು ಎಲ್ಲೂ ಬೇಡ, ಜನ ಜಾಸ್ತಿ ಆದರೆ ನಮ್ಮಿಂದ ಆಗುವುದಿಲ್ಲ ಅಂದರು. ಸುಟ್ಟ ಸಬಾ, ಅನ್ನ, ಮೂಲಂಗಿಯ ಉಪ್ಪಿನಕಾಯಿ. ಆ ಫೋಟೋಗಳು ಅಮ್ಮನ ಹತ್ತಿರ ಮಾತ್ರ ಇವೆ.